ನಮ್ಮ ಚಾಳಿನ ಡಾಕ್ಟರ್

ಮಗಳು ಹನ್ನೊಂದನೆಯ ತರಗತಿಗೆ ಸೈನ್ಸ್ ತೆಗೆದುಕೊಂಡ ವಾರವೇ ನಮ್ಮ ಚಾಳಿನ ಹೆಂಗಸರು ಅವಳನ್ನು ಡಾಕ್ಟರ್ ಎಂದು ಕರೆಯತೊಡಗಿದರು. ಮುಂಬಯಿಯ ಆಚೆ ವಿಠ್ಠಲವಾಡಿ ಸ್ಟೇಷನ್ನಿನ ಹಿಂದೆ ಒಂದೊಂದೇ ಕೋಣೆಯ ಮನೆಗಳ ಸಾಲಾಗಿದ್ದ ಆ ಚಾಳಿನಲ್ಲಿ ಹೆಚ್ಚಿನವರು ಕಲಬುರ್ಗಿ ಕಡೆಯವರೇ. ಸೈನ್ಸ್ ಅಂದರೆ ಡಾಕ್ಟರಕಿ, ಕಾಮರ್ಸ್ ಅಂದರೆ ಬ್ಯಾಂಕು, ಆರ್ಟ್ಸ್ ಅಂದರೆ ಮದುವೆಯಾಗುವ ತನಕ ಹೊತ್ತು ಕಳೆಯುವುದು. ನಮಗೆ ಗೊತ್ತಿದ್ದದ್ದು ಇಷ್ಟೇ. ಸಂಜೆ ಅವಳು ಬಂದು ಚಪ್ಪಲಿ ಬಿಡುವಷ್ಟರಲ್ಲಿ ಯಾರಾದರೊಬ್ಬರು ಹೊಸ್ತಿಲಲ್ಲಿ ನಿಂತಿರುತ್ತಿದ್ದರು.

"ಈ ಗುಳಿಗಿ ಊಟದ ಮುಂಚೆ ತಗೋಬೇಕೋ ಹಿಂದೋ, ನೋಡವ್ವಾ."

"ನಮ್ಮ ಕೂಸಿನ ನಾಲಿಗಿ ಬೆಳ್ಳಗಾಗ್ಯಾದ, ಒಂಚೂರು ನೋಡು ತಂಗಿ."

"ಮಾವಶಿ, ನಮಗಿನ್ನಾ ಕಪ್ಪಿ ಕೊಯ್ಯೂದಷ್ಟೇ ಕಲಿಸ್ಯಾರ" ಅನ್ನುತ್ತಿದ್ದಳು ಮಗಳು.

"ಇವತ್ತ ಕಪ್ಪಿ, ನಾಳಿಗಿ ಮನಷ್ಯಾ. ನೀ ನೋಡು."

ಅವಳು ಚೀಟಿ ಓದಿ, ಗುಳಿಗೆಯ ಹಿಂದಿನ ಇಂಗ್ಲಿಷ್ ಓದಿ ಹೇಳುತ್ತಿದ್ದಳು. ನಾನು ಹೊರಗೆ ಕಟ್ಟೆಯ ಮೇಲೆ ಕೂತು, ಕೇಳಿಸದವನ ಹಾಗೆ ಕೇಳುತ್ತಿದ್ದೆ. ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟು ಕಲ್ಲಿನ ಖಣಿಗೆ ಹೋದವನು ನಾನು. ಆಮೇಲಿನ ಓದು ಬರಹವೆಲ್ಲ ಪೇಪರಿನ ಮೇಲೆ ಬೆರಳಾಡಿಸಿ ನಾನೇ ಕಲಿತದ್ದು. ನನ್ನ ಬಾಗಿಲಿಗೆ ಜನ ಕೇಳಿಕೊಂಡು ಬರುತ್ತಾರೆ ಅನ್ನುವುದು ನನಗೆ ಸಣ್ಣ ಮಾತಾಗಿರಲಿಲ್ಲ.

ನನ್ನ ಕೆಲಸ ತುರ್ಭೆಯ ಧಾನ್ಯದ ಮಾರ್ಕೆಟ್ಟಿನಲ್ಲಿ, ಹಮಾಲಿ. ಲೋಕಲ್‌ನಲ್ಲಿ ಠಾಣೆಗೆ, ಅಲ್ಲಿಂದ ಬಸ್ಸಿನಲ್ಲಿ ನವಿ ಮುಂಬಯಿಗೆ. ಜೊತೆಗೆ ಮೂಟೆ ಹೊರುವವರ ನಮ್ಮದೊಂದು ಟೋಳಿ. ಅದನ್ನು ನಡೆಸುವ ಮುಕಾದಮ ನಮ್ಮೂರ ಕಡೆಯ ಹಿರಿಯ; ನನ್ನನ್ನು ಇಲ್ಲಿಗೆ ಕರೆತಂದವನೂ ಅವನೇ. ಎಲ್ಲರೂ ಅವನನ್ನು ಕಾಕಾ ಅನ್ನುತ್ತಿದ್ದೆವು. ಟೋಳಿಯಲ್ಲಿ ಒಂದು ರೀತಿ ಇತ್ತು. ಲಾರಿಯಿಂದ ಮೂಟೆ ಬೆನ್ನಿಗೆ ಬಂದಮೇಲೆ ಅದನ್ನು ಗೋದಾಮಿನ ಒಟ್ಟಿಲಿನ ಮೇಲೇ ಇಳಿಸಬೇಕು. ನಡುವೆ ಇಳಿಸಿದವನನ್ನು ಯಾರೂ ಬೈಯುತ್ತಿರಲಿಲ್ಲ. ಮರುದಿನ ಕಾಕಾ ಅವನ ಕೈಗೆ ಕಸಬರಿಗೆ ಕೊಡುತ್ತಿದ್ದ, ಅಷ್ಟೇ. ದಿನವಿಡೀ ಅವನು ಚೆಲ್ಲಿದ ಕಾಳು ಬಳಿಯಬೇಕು, ಉಳಿದವರು ಅವನನ್ನು ದಾಟಿ ಹೊರಬೇಕು. ಆ ಕಸಬರಿಗೆಯನ್ನು ನಾನು ಒಂದು ದಿನವೂ ಹಿಡಿದವನಲ್ಲ. ಆಡಿದ ಮಾತನ್ನೂ ಹಾಗೇ ಹೊತ್ತು ಮುಟ್ಟಿಸಿದವನು.

ಹನ್ನೆರಡನೆಯದರ ರಿಸಲ್ಟ್ ಬಂದ ದಿನ ಮಗಳು ಮಾರ್ಕೆಟ್ಟಿನ ಅಂಗಡಿಯೊಂದಕ್ಕೆ ಫೋನ್ ಮಾಡಿ, ಫಸ್ಟ್ ಕ್ಲಾಸ್ ಎಂದಷ್ಟೇ ಹೇಳಿದಳು. ನಾನು ಪೇಡೆ ತರಿಸಿದೆ. ಕಾಕಾ ಡಬ್ಬಿ ಹಿಡಿದು ಗೋದಾಮಿನಿಂದ ಗೋದಾಮಿಗೆ ಹೋಗಿ, "ನಮ್ಮ ಹುಡುಗಿ ಡಾಕ್ಟರ್ ಆದ್ಳು, ಬಾಯಿ ತಗೀರಿ" ಎಂದು ಸೇಠರ ಬಾಯಿಗೂ ಇಟ್ಟ. ನಾನು ತಡೆಯಲಿಲ್ಲ. ಪಾಸಾದಮೇಲೆ ಉಳಿದದ್ದೇನು ಎಂದೇ ನಾನೂ ತಿಳಿದಿದ್ದೆ.

ಮನೆಗೆ ಬಂದರೆ ಅವಳು ಗೋಡೆಗೆ ಮುಖ ಮಾಡಿ ಕೂತಿದ್ದಳು.

"ಎಂಬಿಬಿಎಸ್ ಸಿಗಂಗಿಲ್ಲಪ್ಪಾ."

"ಪಾಸಾಗೀದಿ ಅಲ್ಲ?"

"ಪಾಸಾದವರಿಗೆಲ್ಲಾ ಸಿಗೂದಿಲ್ಲದು. ನನಗಿಂತ ಮುಂದಿನವ್ರು ಎಷ್ಟ ಮಂದಿ ಇದ್ದಾರ, ನಿನಗ ಗೊತ್ತಿಲ್ಲ."

ಅವಳು ಒಂದೊಂದಾಗಿ ಬಿಡಿಸಿ ಹೇಳಿದಳು. ಆ ಅಂಕಗಳಿಗೆ ಆಯುರ್ವೇದ ಸಿಗಬಹುದು. ಅದೂ ಇಲ್ಲಲ್ಲ, ದೂರ ನಾಂದೇಡದ ಕಡೆ ಎಲ್ಲೋ. ಮುಗಿಸಿದರೆ ಹೆಸರಿನ ಮುಂದೆ ಡಾಕ್ಟರ್ ಎಂದು ಬರೆಯುತ್ತಾರೆ. ನನಗೆ ಜೀವ ಬಂತು. "ಹಂಗಾದ್ರ ಅದೇ" ಎಂದೆ. ಅವಳು ಇನ್ನೊಂದು ಹೆಸರು ಹೇಳಿದಳು, ಫಿಜಿಯೋಥೆರಪಿ. ಅದು ಮುಂಬಯಿಯಲ್ಲೇ ಇದೆ, ಮನೆಯಿಂದಲೇ ಲೋಕಲ್ ಹಿಡಿದು ಹೋಗಬಹುದು, ಅದೂ ಡಿಗ್ರಿಯೇ, ತನಗೆ ಬೇಕಾದದ್ದು ಅದೇ, ಎಂದಳು.

ಆ ಹೆಸರು ಅವಳ ತಲೆಗೆ ಹೊಕ್ಕದ್ದು ಕಾಕಾನ ಹೆಗಲಿನಿಂದ. ಹಿಂದಿನ ಚಳಿಗಾಲದಲ್ಲಿ ಅವನ ಬಲದ ಹೆಗಲು ಹಿಡಿದುಕೊಂಡು, ತಲೆಗೆ ರುಮಾಲು ಸುತ್ತಲೂ ಕೈ ಮೇಲೇಳದೆ ಹೋಗಿತ್ತು. ಠಾಣೆಯ ಕಡೆಯ ಸರ್ಕಾರಿ ಆಸ್ಪತ್ರೆಗೆ ಅವನ ಜೊತೆ ಯಾರು ಹೋಗಬೇಕು? ನಮ್ಮ ಡಾಕ್ಟರ್. ಕಾಗದ ಓದಲು ಹೋದವಳು ಬೆಂಚಿನ ಮೇಲೆ ಕೂತು ಅಲ್ಲಿಯದನ್ನೆಲ್ಲ ನೋಡಿ ಬಂದಿದ್ದಳು. ಎಲ್ಲರೂ ಬಾಯಿ ಎಂದು ಕರೆಯುವ ಬಿಳಿ ಕೋಟಿನ ಹೆಂಗಸೊಬ್ಬಳು ಕಾಕಾನನ್ನು ಗೋಡೆಯ ಮುಂದೆ ನಿಲ್ಲಿಸಿ, ಬೆರಳುಗಳನ್ನು ಇರುವೆಯ ಹಾಗೆ ಒಂದೊಂದಾಗಿ ಮೇಲಕ್ಕೆ ಹತ್ತಿಸುತ್ತಿದ್ದಳಂತೆ. ನಿನ್ನೆ ಎಲ್ಲಿಗೆ ಮುಟ್ಟಿತ್ತೋ ಅಲ್ಲೊಂದು ಸೀಮೆಸುಣ್ಣದ ಗುರುತು.

"ಮಾಲಿಶ್ ಮಾಡಾಕಿ ಇರಬೇಕು" ಎಂದಿದ್ದೆ ನಾನು.

"ಆಕಿ ಕೈ ಸೈತ ಹಚ್ಚಲಿಲ್ಲಪ್ಪಾ. ಕಾಕಾನ ಬೆರಳೇ ನಡದ್ವು."

ಈಗ ಅದೇ ಹೆಸರು ಮತ್ತೆ ಬಂದಾಗಲೂ ನನ್ನ ಬಾಯಲ್ಲಿ ಬಂದದ್ದು ಅದೇ ಮಾತು. "ಮಾಲಿಶ್ ಕಲೀಲಿಕ್ಕ ಇಷ್ಟು ಓದಬೇಕಾ? ಟೋಳಿಗಿ ಏನ್ ಹೇಳ್ಲಿ ನಾ?"

"ಟೋಳಿ ಕಾಲೇಜಿಗಿ ಹೋಗ್ತದೇನು?" ಎಂದು ಹೆಂಡತಿ ಒಲೆಯ ಮುಂದಿನಿಂದಲೇ ಕೇಳಿದಳು.

"ನೀ ರೊಟ್ಟಿ ನೋಡು. ಸುಡ್ಲತ್ತದ."

ರೊಟ್ಟಿ ಸುಡುತ್ತಿರಲಿಲ್ಲ. ಆಯುರ್ವೇದ ಎಂದು ನಾನು ಹೇಳಿಬಿಟ್ಟಿದ್ದೆ, ಹೇಳಿದ್ದು ಮುಗಿದಿತ್ತು. ಮಗಳು ವಾದಿಸಲಿಲ್ಲ. ಆ ದಿನದಿಂದ ಮಾತೇ ಕಡಿಮೆಯಾಯಿತು. ಬಾಗಿಲಿಗೆ ಬಂದವರ ಗುಳಿಗೆ ಓದಿ ಹೇಳುತ್ತಿದ್ದಳು, ನನ್ನ ತಟ್ಟೆ ಇಡುತ್ತಿದ್ದಳು, ನಾನು ಒಳಗೆ ಬಂದರೆ ಹೊರಗೆ ಹೋಗುತ್ತಿದ್ದಳು. ಒಂದೇ ಖೋಲಿಯ ಮನೆಯಲ್ಲಿ ಒಬ್ಬರು ಮಾತು ಬಿಟ್ಟರೆ ಪಾತ್ರೆ ಇಟ್ಟ ಸದ್ದೂ ಮೈಮೇಲೆ ಬರುತ್ತದೆ.

ಬೆಳಗಿನ ಲೋಕಲ್‌ನಲ್ಲಿ ಒಮ್ಮೆ ಕೈ ಮೇಲೆತ್ತಿ ಹಿಡಿಕೆ ಹಿಡಿದರೆ ಮುಗಿಯಿತು, ಮೂಗು ತುರಿಸಿದರೂ ಕೈ ಇಳಿಸಲಾಗದು. ಆ ದಿನಗಳಲ್ಲಿ ನನ್ನ ಅವಸ್ಥೆ ಹಾಗಿತ್ತು. ಡೊಂಬಿವಲಿಯಲ್ಲಿ ನನ್ನ ಗುರುತಿನ ಉಡುಪಿ ಹೋಟೆಲಿನವರೊಬ್ಬರಿದ್ದರು. ಅವರ ಮಗ ಡಾಕ್ಟರು. ಎರಡರಲ್ಲಿ ಯಾವುದು ಒಳ್ಳೆಯದು ಎಂದು ಅವರನ್ನು ಕೇಳಬಹುದಿತ್ತು. ಗಾಡಿ ಡೊಂಬಿವಲಿಯಲ್ಲಿ ನಿಲ್ಲುತ್ತಿತ್ತು, ಹೊರಡುತ್ತಿತ್ತು. ನಾನು ಇಳಿಯಲಿಲ್ಲ. ಕೇಳಲು ಹೋದರೆ ನನಗೆ ಗೊತ್ತಿಲ್ಲ ಎಂದು ಅವರಿಗೆ ಗೊತ್ತಾಗುತ್ತಿತ್ತು.

ಮಾರ್ಕೆಟ್ಟಿನಲ್ಲಿ ಕಾಕಾನದು ಒಂದೇ ಪ್ರಶ್ನೆ. ಮೂಟೆಗಳ ಹಿಂದಿನ ಗೋಡೆಗೆ ಬೆರಳು ಹತ್ತಿಸುತ್ತ ನಿಂತವನು ಕತ್ತು ಹೊರಳಿಸಿ, "ಡಾಕ್ಟರ್ ಎಂದಿನಿಂದ ಕಾಲೇಜಿಗೆ ಹೊಂಟಳೋ ತಮ್ಮಾ?" ಅನ್ನುವನು. ನಾನು ಲಾರಿಯ ಕಡೆ ನಡೆಯುವೆ.

ಸೀಟು ಹಂಚುವ ದಿನ ಬಂತು. ಮುಂಬಯಿಯ ಒಂದು ದೊಡ್ಡ ಸಭಾಂಗಣ. ಅಂಕದ ಪ್ರಕಾರ ಒಬ್ಬೊಬ್ಬರನ್ನೇ ಕೂಗುತ್ತಿದ್ದರು. ಉಳಿದ ಸೀಟುಗಳನ್ನು ಹಲಗೆಯ ಮೇಲೆ ಬರೆದಿದ್ದರು. ಒಬ್ಬರು ಆರಿಸಿಕೊಂಡ ಕೂಡಲೇ ಸಿಪಾಯಿ ಒದ್ದೆ ಬಟ್ಟೆಯಿಂದ ಒರೆಸಿ ಹೊಸದಾಗಿ ಬರೆಯುತ್ತಿದ್ದ. ಮೇಜಿನ ಮುಂದೆ ಹೇಳಿದ್ದೇ ಕೊನೆ, ಆಮೇಲೆ ಬದಲಿಸುವಂತಿಲ್ಲ. ಮರಾಠಿ ಅಕ್ಷರ ನನಗೆ ಬರುತ್ತಿತ್ತು, ಮೂಟೆಗಳ ಮೇಲಿನ ಅಕ್ಷರವೇ ಅಲ್ಲವೆ. ನಮ್ಮ ಸರದಿ ಬರುವಷ್ಟರಲ್ಲಿ ಆಯುರ್ವೇದ ನಾಂದೇಡದ ಕಡೆಯದಷ್ಟೇ ಉಳಿದಿತ್ತು. ಅದರ ಕೆಳಗಿನ ಸಾಲಿನಲ್ಲಿ ಮಗಳು ಹೇಳಿದ ಆ ಉದ್ದ ಹೆಸರು ಇನ್ನೂ ಇತ್ತು.

"ಬೋಲಾ. ಕುಠಲಾ ಕೋರ್ಸ್?" ಎಂದ ಮೇಜಿನ ಹಿಂದಿನ ಸಾಹೇಬ, ಯಾವ ಕೋರ್ಸ್ ಹೇಳು ಎಂದು.

ಆಯುರ್ವೇದ ಅನ್ನುತ್ತಾಳೆ ಎಂದು ಕಾದೆ. ಮಗಳು ನನ್ನ ಕಡೆ ತಿರುಗಿದಳು.

"ನೀನೇ ಹೇಳಪ್ಪಾ."

ಸಿಟ್ಟಿನಿಂದಲ್ಲ. ದಣಿದವರು ಹೇಳುವ ಹಾಗೆ. ಹೇಳಿ ಮತ್ತೆ ಮುಂದಕ್ಕೆ ತಿರುಗಿದಳು. ಮೂಟೆ ಎತ್ತಿ ಇನ್ನೊಬ್ಬನ ಬೆನ್ನಿಗೆ ಕೊಡುವವನು ಮೂಟೆಯನ್ನು ನೋಡುವುದಿಲ್ಲ. ಹೊರುವವನ ಕತ್ತು ನೋಡುತ್ತಾನೆ, ಮೊಣಕಾಲು ನೋಡುತ್ತಾನೆ. ಅಭ್ಯಾಸದಿಂದ ನನ್ನ ಕಣ್ಣು ಅಲ್ಲಿಗೇ ಹೋಯಿತು. ಅವಳ ಕತ್ತು ಸೆಟೆದಿತ್ತು. ಕಣ್ಣು ಎದುರಿನ ನೆಲಕ್ಕೆ ನೆಟ್ಟಿತ್ತು. ಬಾಯಿ ಬಿಗಿದಿತ್ತು. ಹೊತ್ತವನು ಮಾತಾಡುವುದಿಲ್ಲ, ಬಾಯಿ ತೆರೆದರೆ ಉಸಿರು ಹೋಗುತ್ತದೆ. ಇಷ್ಟು ದಿನ ಅವಳು ಮಾತಾಡಿರಲಿಲ್ಲ; ಹೊತ್ತದ್ದು ನಾನಾಡಿದ ಮಾತನ್ನು.

"ಲವಕರ್ ಸಾಂಗಾ" ಎಂದು ಸಾಹೇಬ ಅವಸರ ಮಾಡಿದ. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ನನ್ನ ಕಣ್ಣೆದುರು ಬಂದದ್ದು ಮಗಳ ಮುಂದಿನ ದಿನಗಳಲ್ಲ. ಗೋದಾಮಿನ ಮೂಲೆಯ ಕಸಬರಿಗೆ, ಪೇಡೆ ತಿಂದ ಬಾಯಿಗಳು. ಹಿಂದೆ ಸರಿಯಲು ಜಾಗವಿರಲಿಲ್ಲ. ಆ ಉದ್ದ ಹೆಸರು ನನ್ನ ನಾಲಿಗೆಗೆ ಬರಲಿಲ್ಲ. ಕೈ ಎತ್ತಿ ಹಲಗೆಯ ಆ ಸಾಲನ್ನು ತೋರಿಸಿದೆ.

"ನಕ್ಕೀ?" ಖಚಿತವೇ ಎಂದು ಅವನು ನನ್ನನ್ನಲ್ಲ, ಅವಳನ್ನು ಕೇಳಿದ.

"ನಕ್ಕೀ" ಎಂದಳು. ಸಿಪಾಯಿ ಒದ್ದೆ ಬಟ್ಟೆ ಎತ್ತಿದ.

ಮರಳುವಾಗ ಗಾಡಿ ಠಾಣೆ ದಾಟಿತು. ಮಗಳು ಕೇಳಿದಳು, "ಕಾಕಾಗ ಏನ್ ಹೇಳ್ತೀ?"

"ಅದು ನನಗ ಬಿಡು."

ಮರುದಿನ ಕಾಕಾ ಎಂದಿನಂತೆ ಗೋಡೆಯ ಹತ್ತಿರವಿದ್ದ. "ಆತೇನೋ ತಮ್ಮಾ? ಡಾಕ್ಟರ್ ಸೀಟ್ ಸಿಕ್ತಾ?" ಟೋಳಿಯವರೆಲ್ಲ ಕೈ ನಿಲ್ಲಿಸಿದರು. ಎಲುಬಿನ ಡಾಕ್ಟರ್ ಅಂದುಬಿಟ್ಟಿದ್ದರೆ ಯಾರು ಹೋಗಿ ನೋಡುತ್ತಿದ್ದರು?

"ಇಲ್ಲ ಕಾಕಾ. ಡಾಕ್ಟರ್ ಅಲ್ಲ. ನಿನ್ನ ಬೆರಳು ಗ್ವಾಡಿ ಹತ್ತಸ್ತಾಳಲ್ಲ ಆ ಬಾಯಿ, ಆ ವಿದ್ಯಾ."

ಕಾಕಾ ತನ್ನ ಬೆರಳುಗಳನ್ನು ನೋಡಿಕೊಂಡ. "ಇದಕ್ಕೂ ಕಾಲೇಜ್ ಅದಾ?"

"ಅದ. ವರ್ಷಗಟ್ಟಲೆ ಓದಬೇಕು."

"ಗ್ವಾಡಿ ಹತ್ತಲಿಕ್ಕ ವರ್ಷಗಟ್ಟಲೆ? ಹಲ್ಲಿ ಹುಟ್ಟಿದ ದಿನಾನೇ ಹತ್ತತದಲ್ಲೋ" ಎಂದ ಟೋಳಿಯ ಒಬ್ಬ. ಎಲ್ಲರೂ ನಕ್ಕರು. ಕಾಕಾ ನಗಲಿಲ್ಲ, ಬೆರಳು ಮಾತ್ರ ಗೋಡೆಯ ಮೇಲೆಯೇ ಇತ್ತು.

ಯಾರಾದರೂ ಕೊಡುವ ಮೊದಲೇ ನಾನು ಮೂಲೆಗೆ ಹೋಗಿ ಕಸಬರಿಗೆ ತೆಗೆದುಕೊಂಡೆ. ಬೇಡ ಅನ್ನುತ್ತಾನೇನೋ ಎಂದು ಒಂದು ಗಳಿಗೆ ತಡೆದೆ. ಕಾಕಾ ಅನ್ನಲಿಲ್ಲ. "ಲಾರಿ ಕಡಿಂದ ಬಳ್ಕೊಂಡು ಬಾ" ಎಂದ. ದಿನವಿಡೀ ತೊಗರಿ ಬಳಿದೆ. ಅವರು ನನ್ನನ್ನು ದಾಟಿ ಹೊತ್ತರು.

ಸಂಜೆ ಮನೆಗೆ ಬಂದಾಗ ಪಕ್ಕದ ಖೋಲಿಯ ಹೆಂಗಸು ಗುಳಿಗೆ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. "ಡಾಕ್ಟರ್ ಅದಾಳೇನಣ್ಣಾ?"

ಒಳಗಿನಿಂದ ಮಗಳು ನನ್ನ ಮುಖ ನೋಡಿದಳು.

"ಆಕಿ ಡಾಕ್ಟರ್ ಅಲ್ಲ ತಂಗಿ. ಆಗೂದೂ ಇಲ್ಲ. ಬ್ಯಾರೇ ಓದ್ಲಿಕ್ಕ ಹೊಂಟಾಳ."

"ಡಾಕ್ಟರ್ ಅಲ್ಲಂತ ನಮಗ ಗೊತ್ತಿಲ್ಲೇನಣ್ಣಾ?" ಎಂದು ಅವಳು ನನ್ನನ್ನು ದಾಟಿ ಕೈ ಒಳಗೆ ಚಾಚಿದಳು. "ಇಂಗ್ಲಿಷ್ ಓದಲಿಕ್ಕ ಬರ್ತದಲ್ಲ. ನೋಡವ್ವಾ, ಇದು ಊಟದ ಮುಂಚೇನೋ ಹಿಂದೋ?"

ಮಗಳು ಗುಳಿಗೆ ತೆಗೆದುಕೊಂಡು ಬೆಳಕಿಗೆ ಹಿಡಿದಳು.