ಆಟಕ್ಕೆ ಬೆನ್ನು ಹಾಕಿ ಕೂರುತ್ತಿದ್ದ ಟೇಲರ್ ಮಾಮ

ಕಳೆದ ತಿಂಗಳು ಕೂಡ್ಲಿಗಿಯಲ್ಲಿ ಬಸ್ಸಿಗೆ ಕಾಯುತ್ತಾ ನಿಂತಿದ್ದೆ. ಪಕ್ಕದಲ್ಲೇ ತಳ್ಳುಗಾಡಿಯ ಮೇಲೆ ಇಸ್ತ್ರಿ ಮಾಡುವವನೊಬ್ಬ ಅಂಗಿಗೆ ನೀರು ಚಿಮುಕಿಸಿ, ಇದ್ದಿಲ ಪೆಟ್ಟಿಗೆಯನ್ನು ಅದರ ಮೇಲೆ ಎಳೆದ. ಚುರ್ ಎಂದು ಹಬೆ ಎದ್ದಿತು. ಒದ್ದೆ ಬಟ್ಟೆ, ಕೆಂಡ, ತುಸು ಸೀದ ಗಂಜಿಯ ವಾಸನೆ... ಅದು ಮೂಗಿಗೆ ಬಂದದ್ದೇ ತಡ, ನನಗೆ ಹೆದರಿಕೆಯಾಯಿತು. ಇಸ್ತ್ರಿ ವಾಸನೆಗೆ ಯಾರಾದರೂ ಹೆದರುತ್ತಾರೆಯೇ ಎಂದು ನನಗೇ ನಗು ಬಂತು. ಕೂಡಲೇ ಕೊಟ್ಟೂರಿನ ನಮ್ಮ ಟೇಲರ್ ಮಾಮ ನೆನಪಾದರು. ನಗು ಅಲ್ಲಿಗೇ ನಿಂತಿತು.

ಅವರು ನಮಗೆ ಸಂಬಂಧಿಕರೇನಲ್ಲ. ನಮ್ಮ ಮನೆಯ ಎದುರಿಗೇ ಅವರ ಅಂಗಡಿ. ಎರಡು ಹೊಲಿಗೆ ಮಿಷನ್ನು, ಒಂದು ಇಸ್ತ್ರಿ ಮೇಜು, ಗೋಡೆಗೆ ಹೊಡೆದ ಮೊಳೆಗಳಲ್ಲಿ ತೂಗುವ ಅರ್ಧ ಹೊಲಿದ ಅಂಗಿಗಳು. ಓಣಿಯವರಿಗೆಲ್ಲ ಅವರು ಮಾಮ. ಪದವಿ ಮುಗಿಸಿ, ಮದುವೆ ಗೊತ್ತಾಗುವವರೆಗೆ ಸುಮ್ಮನೆ ಕೂರುವುದೇಕೆ ಎಂದು ಅವ್ವ ನನ್ನನ್ನು ಅವರಲ್ಲಿ ಹೊಲಿಗೆ ಕಲಿಯಲು ಹಾಕಿದ್ದಳು. ಮಧ್ಯಾಹ್ನದ ಊಟ ಮುಗಿಸಿ ಹೋದರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆಗೆ ಬರುತ್ತಿದ್ದೆ. ಬಟ್ಟೆಗೆ ಕತ್ತರಿ ಹಾಕುವ ಮುಂಚೆ ಮಾಮ ಒಂದಲ್ಲ ಎರಡಲ್ಲ, ಮತ್ತೆ ಮತ್ತೆ ಅಳೆಯುತ್ತಿದ್ದರು. "ಕತ್ತರಿಸಿದ ಮ್ಯಾಲೆ ಯಾವ ದೇವರೂ ಕೂಡಸಂಗಿಲ್ಲವ್ವಾ" ಎನ್ನುತ್ತಿದ್ದರು. ಅಂಜುಬುರುಕ ಮನುಷ್ಯ ಎಂದು ಊರೆಲ್ಲ ಅವರನ್ನು ಕಾಡಿಸುತ್ತಿತ್ತು.

ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಬೇರೆ ಊರುಗಳಿಗೆ ಕ್ರಿಕೆಟ್ಟಿನ ಹುಚ್ಚು ಹಿಡಿದಿದ್ದರೆ ನಮ್ಮ ಹುಡುಗರಿಗೆ ಬಾಸ್ಕೆಟ್‌ಬಾಲಿನ ಹುಚ್ಚು. ಹಿಂದೆ ಇದ್ದ ಒಬ್ಬ ಆಟದ ಮೇಷ್ಟ್ರು ಸಿಮೆಂಟಿನ ಅಂಕಣ ಹಾಕಿಸಿ, ಎರಡು ಕಂಬ ನೆಡಿಸಿ ಹೋಗಿದ್ದರು. ನನ್ನ ತಮ್ಮ ಆ ತಂಡದಲ್ಲಿ ಎಲ್ಲರಿಗಿಂತ ಎತ್ತರದ ಹುಡುಗ. ಆಟದ ನಿಯಮ ಗೊತ್ತಿಲ್ಲದವರೂ ಸಂಜೆ ಬಂದು ಕೂರುತ್ತಿದ್ದರು. "ಬುಟ್ಟಿಗೆ ಬಿದ್ರ ನಮ್ಮ ಹುಡುಗ್ರು ಶಾಣ್ಯಾರು, ಬೀಳ್ದಿದ್ರ ರೆಫ್ರಿ ಕಳ್ಳ" ಎನ್ನುವಷ್ಟು ನಿಯಮ ಅವರಿಗೆ ಸಾಕಾಗುತ್ತಿತ್ತು.

ಮಾಮನೂ ಒಂದೂ ಆಟ ತಪ್ಪಿಸುತ್ತಿರಲಿಲ್ಲ. ಆದರೆ ನೋಡುತ್ತಿರಲಿಲ್ಲ. ಹೆಂಗಸರು ಕೂರುವ ಕಟ್ಟೆಯ ತುದಿಯಲ್ಲಿ, ಅಂಕಣಕ್ಕೆ ಬೆನ್ನು ಹಾಕಿ, ಎದುರಿನ ಗೋಡೆ ನೋಡುತ್ತಾ ಕೂರುತ್ತಿದ್ದರು. ಜನ ಕೂಗಿದಾಗಲೆಲ್ಲ, "ಏನಾತವ್ವಾ?" ಎಂದು ನನ್ನನ್ನು ಕೇಳುತ್ತಿದ್ದರು. ನಾನು ಹೇಳುತ್ತಿದ್ದೆ. ಬಿತ್ತು ಮಾಮ. ಬೀಳಲಿಲ್ಲ ಮಾಮ. ಈಗ ನಮ್ಮ ಕೈಗೆ ಬಂತು ಮಾಮ. ಹೀಗೆ ನೋಡದೇ ಇರುವುದಕ್ಕೆ ಇಲ್ಲಿಯವರೆಗೆ ಯಾಕೆ ಬರುತ್ತೀರಿ ಎಂದು ಒಮ್ಮೆ ಕೇಳಿದ್ದಕ್ಕೆ, "ಮನ್ಯಾಗ ಕುಂತ್ರ ಇನ್ನೂ ಅಂಜಿಕಿ" ಎಂದರು.

ಆ ವರ್ಷ ನಮ್ಮ ತಂಡ ಹರಪನಹಳ್ಳಿಯ ತಂಡದ ಎದುರು ನಿಂತಿತು. ಮೂರು ಆಟ, ಎರಡು ಗೆದ್ದವರಿಗೆ ಕಪ್. ಮೊದಲನೆಯದು ಅವರ ಊರಿನಲ್ಲಿ. ಸೋತು ಬಂದರು. ಸೋತ ಊರು ಸುಮ್ಮನಿರುವುದಿಲ್ಲ ನೋಡಿ, ಕೂತು ಪಾಠ ಕಲಿಯುತ್ತದೆ. ಚಹಾದಂಗಡಿಯ ಮುಂದೆ ದೊಡ್ಡವರು ಚಿಕ್ಕವರು ಸೇರಿ ಕಲಿತ ಪಾಠವೆಂದರೆ, ಬಿಳಿ ಬನಿಯನ್ ಆಗಿಬರುವುದಿಲ್ಲ ಎಂಬುದು. ಎರಡನೆಯ ಆಟ ನಮ್ಮೂರಿನಲ್ಲಿ. ಕಬಡ್ಡಿಯವರ ಕೆಂಪು ಬನಿಯನ್ನುಗಳನ್ನು ಎರವಲು ತಂದು ಹಾಕಿಸಿದರು. ಆಟದ ನಡುವೆ ಬೀಡಿ ಸೇದಲು ಎದ್ದು ಹೋದವನೊಬ್ಬ ಅತ್ತ ಹೋಗುತ್ತಲೇ ಇತ್ತ ಚೆಂಡು ಬುಟ್ಟಿಗೆ ಬಿತ್ತು. ಪಾಪ, ಅವನನ್ನು ಆಟ ಮುಗಿಯುವವರೆಗೆ ಗೇಟಿನ ಹೊರಗೇ ನಿಲ್ಲಿಸಿದರು. "ಇನ್ನೊಂದು ಬೀಡಿ ಹಚ್ಚಲೇ, ರೊಕ್ಕ ನಾವು ಕೊಡ್ತೀವಿ" ಎಂದು ಒಳಗಿನಿಂದ ಕೂಗುತ್ತಿದ್ದರು.

ನನ್ನ ತಮ್ಮ ಬಿದ್ದದ್ದೂ ಆ ಆಟದಲ್ಲೇ. ಚೆಂಡಿಗೆಂದು ಮೇಲೆ ಹಾರಿದ್ದ. ಎದುರಾಳಿಯ ಹುಡುಗನ ಭುಜ ತಾಗಿ ಹಿಮ್ಮುಖವಾಗಿ ಬಿದ್ದ. ತಲೆ ಸಿಮೆಂಟಿಗೆ ಬಡಿಯಿತು. ಕಲ್ಲಿಗೆ ತೆಂಗಿನಕಾಯಿ ಒಡೆದಂಥ ಸಪ್ಪಳ... ಆಮೇಲೆ ಅವನು ಎದ್ದ, ಕೈ ಬೀಸಿದ, ಸೀಟಿಗಳು ಕೇಳಿದವು. ಮುಂದಿನ ಚೆಂಡನ್ನು ಅವನೇ ಬುಟ್ಟಿಗೆ ಹಾಕಿದ.

"ಅದೇನವ್ವಾ ಸಪ್ಪಳ?" ಮಾಮ ಗೋಡೆ ನೋಡುತ್ತಲೇ ಕೇಳಿದರು.

"ತಮ್ಮ ಬಿದ್ದ ಮಾಮ. ಎದ್ದ."

"ಹೆಂಗ ಎದ್ದ?"

ಹೇಗೆ ಎದ್ದ ಎಂದರೆ ಏನು ಹೇಳುವುದು? ಎಲ್ಲರಂತೆ ಎದ್ದ ಎಂದೆ. ನಾವೆಲ್ಲ ಅವನು ಎದ್ದದ್ದನ್ನು ನೋಡಿದೆವು, ಹಾಗಾಗಿ ಆ ಸಪ್ಪಳವನ್ನು ಮರೆತೆವು. ಅವರು ಎದ್ದದ್ದನ್ನು ನೋಡಿರಲಿಲ್ಲ. ಅವರ ಪಾಲಿಗೆ ಸಪ್ಪಳವೊಂದೇ ಉಳಿಯಿತು ಎಂದು ಈಗ ಅನ್ನಿಸುತ್ತದೆ.

ಗೆದ್ದೆವು. ರಾತ್ರಿ ಅವ್ವ ಉಪ್ಪು, ಒಣಮೆಣಸಿನಕಾಯಿ, ಪೊರಕೆಯ ಕಡ್ಡಿ ಹಿಡಿದು ತಮ್ಮನಿಗೆ ದೃಷ್ಟಿ ತೆಗೆದಳು. ಒಲೆಗೆ ಹಾಕಿದ ಮೆಣಸಿನಕಾಯಿಯಿಂದ ಒಂದಿಷ್ಟೂ ಘಾಟು ಬರಲಿಲ್ಲ. ಘಾಟು ಬರದಿದ್ದರೆ ದೃಷ್ಟಿ ಜೋರಾಗಿಯೇ ತಾಗಿದೆ ಎಂದರ್ಥ. "ಊರ ಕಣ್ಣೆಲ್ಲ ನನ್ನ ಮಗನ ಮ್ಯಾಲೇ ಐತಿ" ಎಂದು ಅವ್ವ ಅದರಲ್ಲೇ ಸ್ವಲ್ಪ ಹೆಮ್ಮೆಪಟ್ಟಳು. ಮರುದಿನದಿಂದ ತಮ್ಮ ತಲೆನೋವು ಎನ್ನುತ್ತಿದ್ದ, ಹಗಲಲ್ಲೂ ಮಲಗುತ್ತಿದ್ದ. ದೃಷ್ಟಿ ಇಳಿದವರಿಗೆ ಹಾಗೆಯೇ ನಿದ್ದೆ ಬರುವುದು ಎಂದಳು ಅವ್ವ. ನಾವೂ ಹೌದೆಂದು ನಂಬಿದೆವು.

ಇತ್ತ ಊರು ಎರಡನೆಯ ಪಾಠ ಕಲಿತಾಗಿತ್ತು. ಕೆಂಪು ಆಗಿಬರುತ್ತದೆ. ಆದರೆ ಕಬಡ್ಡಿಯವರು ತಮ್ಮ ಬನಿಯನ್ ವಾಪಸು ಕೇಳಿದರು. ಬಿಳಿಯವಂತೂ ಗೆದ್ದ ಸಂಭ್ರಮದಲ್ಲಿ ಸೈಕಲ್ ಅಂಗಡಿಯವನ ಗ್ರೀಸು ಒರೆಸುವ ಬಟ್ಟೆಗಳಾಗಿ ಹೋಗಿದ್ದವು. ಹೊಸ ಕೆಂಪು ಬಟ್ಟೆ ಟೇಲರ್ ಮಾಮನ ಮೇಜಿನ ಮೇಲೆ ಬಂದು ಬಿತ್ತು.

ಹುಡುಗರು ಒಬ್ಬೊಬ್ಬರಾಗಿ ಅಳತೆ ಕೊಡಲು ಬಂದರು. ನಾನು ಒಳಗೆ ಅಂಗಿಯೊಂದರ ಗುಂಡಿಗಳಿಗೆ ಕಾಜಾ ಹಾಕುತ್ತಾ ಕೂತಿದ್ದೆ. ತಮ್ಮ ಬಂದವನೇ, "ಯಾವ ಬಣ್ಣ ಮಾಮ?" ಎಂದ. ಕೆಂಪು ಬಟ್ಟೆ ಅವನ ಕೈಕೆಳಗೇ ಇತ್ತು. ಮಾಮ ತೋರಿಸಿದರು. ಎದೆಯ ಅಳತೆ ತೆಗೆದುಕೊಂಡು ಟೇಪು ಮಡಚುವಷ್ಟರಲ್ಲಿ ಮತ್ತೆ, "ಯಾವ ಬಣ್ಣ ಹೊಲೀತಿ?" ಎಂದ. ನಾನು ನಕ್ಕೆ. ಮಾಮ ನಗಲಿಲ್ಲ. ಅಂಗಡಿಯ ಮೆಟ್ಟಿಲು ಇಳಿಯುವಾಗ ತಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡ, ಮುದುಕರು ಹಿಡಿದುಕೊಳ್ಳುವ ಹಾಗೆ.

ಅಂದು ಸಂಜೆ ಮಾಮ ನಮ್ಮ ಮನೆಗೆ ಬಂದರು. ಎದುರು ಅಂಗಡಿಯವರಾದರೂ ಹೊಸ್ತಿಲು ದಾಟಿ ಬರುವವರಲ್ಲ. ಅಪ್ಪ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದ.

"ಯಜಮಾನ್ರ, ಹುಡುಗನ್ನ ಒಮ್ಮೆ ದಾವಣಗೆರಿಗೆ ಕರ್ಕಂಡು ಹೋಗಿ ತೋರಿಸ್ರಿ."

"ಯಾಕೋ? ಏನಾಗೇತಿ ಅವಂಗ?"

"ನನಗೇನು ತಿಳೀತೈತ್ರಿ. ಅಂಜಿಕಿ ಬರಾಕತ್ತೈತಿ, ಅಷ್ಟ."

ಅಪ್ಪ ಬಾಯ್ತುಂಬ ನಕ್ಕ. "ನಿನಗ ಬಯಲಾಗ ಚೆಂಡು ಪುಟಿದ್ರೂ ಅಂಜಿಕಿ ಬರ್ತೈತಿ. ಅದಕ್ಕೆಲ್ಲ ದಾವಣಗೆರಿಗೆ ಹೋದ್ರ ಬಸ್ಸಿನವಂಗ ಲಾಭ. ಕೂಡು, ಚಾ ಕುಡಿ."

ಮಾಮ ಚಹಾ ಕುಡಿದರು. ಏಳುವಾಗ, "ಹಂಗಾರ ಈ ಒಂದು ಆಟ ಬ್ಯಾಡಂತ ಹೇಳ್ರಿ" ಎಂದರು. ಈ ಸಲ ಅಪ್ಪ ನಗಲಿಲ್ಲ. ಊರವರ ಮುಂದೆ ಆ ಮಾತನ್ನು ಆಡಲು ಅಪ್ಪನಿಗೂ ಅಂಜಿಕೆಯೇ ಇತ್ತೇನೋ...

ಮೂರನೆಯ ಆಟ ಹರಪನಹಳ್ಳಿಯಲ್ಲಿ, ಸಂಜೆಗೆ. ಮಧ್ಯಾಹ್ನ ಟೆಂಪೋ ಬಂದು ಮಾಮನ ಅಂಗಡಿಯ ಮುಂದೆಯೇ ನಿಂತಿತು. ಓಣಿಯ ತುಂಬ ಜನ. ಮಾಮ ಇದ್ದಿಲ ಪೆಟ್ಟಿಗೆಯಿಂದ ಒಂದೊಂದೇ ಬನಿಯನ್ ತೀಡಿ ಹುಡುಗರ ಕೈಗೆ ಕೊಡುತ್ತಿದ್ದರು. ಹಬೆಯಲ್ಲಿ ಅವರ ಮುಖ ಕಾಣುತ್ತಿರಲಿಲ್ಲ. ಎಲ್ಲರದೂ ಆಯಿತು. ತಮ್ಮ ಕೈ ಚಾಚಿ ನಿಂತೇ ಇದ್ದ.

"ಇವಂದೆಲ್ಲಿ ಮಾಮ?" ತಂಡದ ನಾಯಕ ಕೇಳಿದ.

"ಹೊಲಿದಿಲ್ಲ."

"ಏನ್ ಹಂಗಂದ್ರ? ಮರ್ತಿಯಾ?"

"ಮರ್ತಿಲ್ಲ. ಹೊಲಿಯಂಗಿಲ್ಲ." ಕತ್ತರಿಸಿಟ್ಟಿದ್ದ ತುಂಡುಗಳು ಅವರ ಮಿಷನ್ನಿನ ಮೇಲೆಯೇ ಇದ್ದವು. "ಅವಂಗ ಆರಾಮಿಲ್ಲ. ಅವನ್ನ ಕರ್ಕಂಡು ಹೋಗಬ್ಯಾಡ್ರಿ ತಮ್ಮಾ, ಕೈ ಮುಗೀತೀನಿ."

ಅಷ್ಟು ಜನರ ಎದುರು ಅವರು ಅಷ್ಟು ಮಾತಾಡಿದ್ದನ್ನು ನಾನು ಮೊದಲ ಸಲ ಕಂಡದ್ದು. ದನಿ ಸೀಳಿಹೋಗಿತ್ತು. ಜನ ಮೊದಲು ನಕ್ಕರು, ಆಮೇಲೆ ಬೈದರು. "ಹರಪನಹಳ್ಳಿಯವ್ರು ರೊಕ್ಕ ಮುಟ್ಟಿಸ್ಯಾರ ನೋಡ್ರಿ ಇವಂಗ" ಎಂದ ಒಬ್ಬ. "ಬಿಡ್ರಲೇ, ಆಡದೇ ಇರೋ ಸಣ್ಣ ಹುಡುಗನ ಬನಿಯನ್ ಇವಂಗ ಹಾಕ್ರಿ" ಎಂದ ಇನ್ನೊಬ್ಬ. ತಮ್ಮನೂ ಸಿಟ್ಟಾಗಿದ್ದ. ಆ ಬನಿಯನ್ ಕಿತ್ತುಕೊಂಡು ತಲೆಯ ಮೇಲಿಂದ ಹಾಕಿಕೊಳ್ಳಲು ಹೋದ. ಅಳತೆ ಚಿಕ್ಕದು. ಎರಡೂ ಕೈ ಮೇಲೆ ಸಿಕ್ಕಿಕೊಂಡವು, ಕೆಂಪು ಬಟ್ಟೆ ಮುಖ ಮುಚ್ಚಿಕೊಂಡಿತು. ಕಣ್ಣು ಕಾಣದಾದದ್ದೇ ತಡ, ಅವನು ಒಂದು ಪಕ್ಕಕ್ಕೆ ವಾಲಿದ. ಇನ್ನಷ್ಟು ವಾಲಿದ. ಹಿಡಿಯಲು ಯಾರಿಗೂ ಹೊಳೆಯಲಿಲ್ಲ, ಆಟ ಮಾಡುತ್ತಾನೆ ಅಂದುಕೊಂಡರು. ಇಸ್ತ್ರಿ ಮೇಜಿಗೆ ಬಡಿದು ಕೆಳಗೆ ಬಿದ್ದ. ಕೆಂಡದ ಪೆಟ್ಟಿಗೆ ಉರುಳಿ ನೆಲಕ್ಕೆ ಬಿತ್ತು. ಓಣಿ ಇನ್ನೂ ನಗುತ್ತಿತ್ತು.

ಬನಿಯನ್ನಿನೊಳಗೇ ಅವನು ವಾಂತಿ ಮಾಡಿಕೊಂಡಾಗ ನಗು ನಿಂತಿತು.

ಮಾಮ ಕತ್ತರಿ ತೆಗೆದುಕೊಂಡು, ಅಳೆಯದೆ ನೋಡದೆ, ಆ ಹೊಸ ಬಟ್ಟೆಯನ್ನು ಕೆಳಗಿನಿಂದ ಮೇಲಿನವರೆಗೆ ಸೀಳಿ ಮುಖ ಬಿಡಿಸಿದರು. ತಮ್ಮನ ಒಂದು ಕಣ್ಣು ಪೂರ್ತಿ ತೆರೆಯುತ್ತಿರಲಿಲ್ಲ. ಅಪ್ಪ ಅವನ ಹೆಸರು ಹಿಡಿದು ಕೂಗಿದ. ಅವನು ಅಪ್ಪನನ್ನು ಯಾರೋ ಎನ್ನುವಂತೆ ನೋಡಿದ.

ದಾವಣಗೆರೆಗೆ ದಾರಿ ಹರಪನಹಳ್ಳಿಯ ಮೇಲೆಯೇ. ಬೇರೆ ಗಾಡಿ ಹುಡುಕುವ ಹೊತ್ತಲ್ಲ. ಅದೇ ಟೆಂಪೋದಲ್ಲಿ ಎಲ್ಲರೂ ಹತ್ತಿದೆವು. ಕೆಂಪು ಬನಿಯನ್ ತೊಟ್ಟ ಹುಡುಗರು ಎರಡೂ ಕಡೆ ಒತ್ತಿ ಕೂತಿದ್ದರು, ನಡುವೆ ಮಾಮನ ತೊಡೆಯ ಮೇಲೆ ತಮ್ಮನ ತಲೆ. ಗುಂಡಿ ಬಂದಾಗಲೆಲ್ಲ ಮಾಮ ಎರಡೂ ಅಂಗೈಯಲ್ಲಿ ಆ ತಲೆಯನ್ನು ಎತ್ತಿ ಹಿಡಿಯುತ್ತಿದ್ದರು. ಆಟ ನೋಡಲಾರದ ಆ ಮನುಷ್ಯ ಅಷ್ಟೂ ದಾರಿ ಅವನ ಮುಖದಿಂದ ಕಣ್ಣು ತೆಗೆಯಲಿಲ್ಲ. "ಉಸಿರಾಡಾಕತ್ತಾನವ್ವಾ" ಎಂದು ಆಗಾಗ ನನಗೆ ಹೇಳುತ್ತಿದ್ದರು. ಈಗ ಕೇಳುವವಳು ನಾನಾಗಿದ್ದೆ, ನನಗೆ ನೋಡಲು ಧೈರ್ಯವಿರಲಿಲ್ಲ. ಹರಪನಹಳ್ಳಿಯಲ್ಲಿ ಹುಡುಗರು ಆಟಕ್ಕೆಂದು ಇಳಿದರು. ನಾವು ಮುಂದೆ ಹೋದೆವು.

ತಲೆಯೊಳಗೆ ರಕ್ತ ಹೆಪ್ಪುಗಟ್ಟಿದೆ ಎಂದರು. ಅಂದೇ ಆಪರೇಷನ್ ಆಯಿತು. ಆಟ ಆಡಿಸಿದ್ದರೆ ಏನಾಗುತ್ತಿತ್ತು ಎಂದು ಅಪ್ಪ ಕೇಳಿದ್ದಕ್ಕೆ ಡಾಕ್ಟರು, ಇಲ್ಲಿ ಸಹಿ ಹಾಕಿ ಎಂದರು.

ತಮ್ಮ ಉಳಿದ. ತಂಡ ಸೋತಿತು. ಮರಳಲು ಟೆಂಪೋ ಇಲ್ಲದೆ ಹುಡುಗರು ಹರಪನಹಳ್ಳಿಯವರ ಸೀಟಿಗಳ ನಡುವೆ ಬಸ್ಸಿಗೆ ಕಾದು ಊರಿಗೆ ಬಂದರಂತೆ. ನಾವು ಆಸ್ಪತ್ರೆಯಿಂದ ಬರುವಷ್ಟರಲ್ಲಿ ಊರು ಮೂರನೆಯ ಪಾಠವನ್ನೂ ಕಲಿತು ಮುಗಿಸಿತ್ತು. ಹೊರಡುವ ಗಳಿಗೆಯಲ್ಲಿ ಟೇಲರ್ ಬಟ್ಟೆ ಇಲ್ಲ ಎಂದ, ಹೊಸ ಬಟ್ಟೆಗೆ ಕತ್ತರಿ ಹಾಕಿದ, ಅದಕ್ಕೇ ಸೋತದ್ದು. ಅಪ್ಪ ಚಹಾದಂಗಡಿಯ ಮುಂದೆ ನಿಂತು, "ನನ್ನ ಮಗ ಸಾಯ್ತಿದ್ದ" ಎಂದು ಹೇಳಿದ. ಒಬ್ಬನೆಂದ, "ಅದು ಖರೇ ಬಿಡ್ರಿ. ಆದ್ರ ಕಪ್ ಹೋತಲ್ರೀ." ಕೆಟ್ಟ ಮನುಷ್ಯನಲ್ಲ ಅವನು. ಆಸ್ಪತ್ರೆಗೆ ಹಣ್ಣು ಹಿಡಿದು ಬಂದಿದ್ದವನೇ.

ಗಂಡಸರು ಮಾಮನಲ್ಲಿ ಅಂಗಿ ಹೊಲಿಸುವುದನ್ನು ಬಿಟ್ಟರು. ಮದುವೆ ಬಟ್ಟೆಯಂತೂ ಯಾರೂ ಕೊಡಲಿಲ್ಲ, ಶುಭಕ್ಕೆ ಬೇಡ ಎಂದು. ನನ್ನ ಮದುವೆಯ ಕುಪ್ಪಸಗಳನ್ನು ಅವರೇ ಹೊಲಿದರು, ಅಪ್ಪ ಹಟ ಹಿಡಿದು ಹೊಲಿಸಿದ. ಅದಾದ ಸ್ವಲ್ಪ ಕಾಲಕ್ಕೆ ಅಂಗಡಿ ಮುಚ್ಚಿ, ಮಿಷನ್ನುಗಳನ್ನು ಬಸ್ಸಿನ ಮೇಲೆ ಹೇರಿಕೊಂಡು ಹೊಳಲಿನ ಮಗಳ ಮನೆಗೆ ಹೋದರು. ಊರ ಮೇಲೆ ಒಂದು ಮಾತೂ ಆಡಲಿಲ್ಲ. ನನಗೆ ಕೇಳಿದ್ದು ಒಂದೇ, "ಅವಂಗ ಈಗ ತಲಿ ನೋವು ಬರ್ತೈತೇನವ್ವಾ?"

ತಮ್ಮನಿಗೆ ಆ ದಿನಗಳ ನೆನಪೇ ಇಲ್ಲ. ಬಿದ್ದದ್ದು, ಅಳತೆ ಕೊಟ್ಟದ್ದು, ಟೆಂಪೋ, ಯಾವುದೂ. ನಾನು ಹೇಳಿದ್ದನ್ನು ಯಾರದೋ ಕಥೆಯಂತೆ ಕೇಳುತ್ತಿದ್ದ. ಅವನೀಗ ಹಗರಿಬೊಮ್ಮನಹಳ್ಳಿಯಲ್ಲಿ ಕೆಲಸದಲ್ಲಿದ್ದಾನೆ, ಕೂದಲು ನರೆಯುತ್ತಿದೆ. ಕೂಡ್ಲಿಗಿಯಿಂದ ಬಂದ ದಿನ ಅವನಿಗೆ ಫೋನು ಮಾಡಿ, ಇಸ್ತ್ರಿ ವಾಸನೆಯಿಂದ ಶುರುಮಾಡಿ ಎಲ್ಲವನ್ನೂ ಇನ್ನೊಮ್ಮೆ ಹೇಳಿದೆ. ಅವನು, "ನಡಿಯಕ್ಕಾ, ಹೋಗಿ ಬರಾಣ" ಎಂದ.

ಹೊಳಲಿನಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಮಗಳು ಬಾಗಿಲಲ್ಲೇ ಗುರುತು ಹಿಡಿದಳು. ಮಾಮ ತೀರಿಹೋಗಿ ಮಳೆಗಾಲ ಒಂದು ಕಳೆದಿತ್ತು. ನೀರು ಕೊಟ್ಟು, ಚಾಪೆ ಹಾಸಿ, ಅವಳು ತಮ್ಮನ ಕಡೆಯೇ ನೋಡುತ್ತಾ ಕೂತಳು.

"ಕೊಟ್ಟೂರ ಕಡಿಂದ ಯಾರರ ಬಂದ್ರ ಸಾಕ್ರಿ, ಆ ಉದ್ದನ ಹುಡುಗ ಹೆಂಗದಾನ ಅಂತ ಕೇಳ್ತಿದ್ದ ಅಪ್ಪ. ಆರಾಮ ಅದಾನಂತ ಬಿಡಪ್ಪಾ ಅಂದ್ರ ನಂಬ್ತಿರಲಿಲ್ಲ. ನೀ ಕಣ್ಣಿಲೆ ನೋಡಿಯೇನು ಅಂತಿದ್ದ."

ತಮ್ಮ ಎದ್ದು ನಿಂತ. ಆ ತಗ್ಗಿನ ಮನೆಯಲ್ಲಿ ಅವನ ತಲೆ ತೊಲೆಗೆ ತಾಗುವಂತಿತ್ತು. ಏನು ಹೇಳಬೇಕೋ ತಿಳಿಯದೆ, "ಈಗ ನೋಡಿದ್ಯಲ್ಲವ್ವಾ" ಎಂದ.

ಅವಳು ಅವನನ್ನು ತಲೆಯಿಂದ ಕಾಲಿನವರೆಗೆ ನಿಧಾನವಾಗಿ ನೋಡಿದಳು.

"ನೋಡಿದ್ನಿರಿ. ಯಾರಿಗೆ ಹೇಳ್ಲಿ?"