ಅರಬಾ ಸತ್ತಿಲ್ಲ, ಒಲೆ ಕೊಡಿ

ಊರು ಮಲಗಿದ ಮೇಲೆ, ಪೇಪರಿಗೆ ಬರೆಯಲೆಂದು ಬಂದು ನಾನು ಇಳಿದುಕೊಂಡಿರುವ ಕೋಣೆಗೆ, ಪಕ್ಕದ ಮನೆಯ ಗೋಡೆಯಲ್ಲಿ ಇಲಿ ಕೆರೆದಂಥ ಸಣ್ಣ ಸದ್ದು ಕೇಳುತ್ತದೆ. ಇಲಿಯಲ್ಲ, ಅರಬಾ ಬೆಂಟ್ಸಿವಾ ಎಡಗೈಯ ಬೆರಳುಗಳನ್ನು ಗೋಡೆಯ ಮೇಲೆ ಮೆಲ್ಲಗೆ ಹತ್ತಿಸುತ್ತಿದ್ದಾರೆ. ಕ್ಯಾನ್ಸರಿಗಾಗಿ ಎದೆಯ ಒಂದು ಪಾಲನ್ನೂ ಕಂಕುಳಿನ ಗಂಟುಗಳನ್ನೂ ತೆಗೆದ ಮೇಲೆ ಬಿಗಿದುಕೊಂಡಿರುವ ತೋಳಿಗೆ ಆಸ್ಪತ್ರೆಯವರು ಹೇಳಿಕೊಟ್ಟ ವ್ಯಾಯಾಮ ಇದು. ಹಗಲಲ್ಲಿ ಮಾಡಿದರೆ ಯಾರಾದರೂ ಕಿಟಕಿಯಲ್ಲಿ ನಿಂತು 'ಅಯ್ಯೋ ಪಾಪ' ಅನ್ನುತ್ತಾರೆ.

ಬೆಳಕು ಹರಿಯುವಾಗ ಅವರು ಮೋರೀ ಎಂಬ ಈ ಬೆಸ್ತರ ಊರಿನ ಕಡಲದಂಡೆಯಲ್ಲಿ ಕುಕ್ಕರಗಾಲಲ್ಲಿ ಕೂತು ಬೂತಾಯಿ ಮೀನು ತೊಳೆಯುತ್ತಿದ್ದಾರೆ. ಮುಳ್ಳು ಚುಚ್ಚಿದರೆ ತೋಳು ಬಾತುಕೊಳ್ಳುತ್ತದೆಂದು ಎಡಗೈಗೆ ರಬ್ಬರ್ ಗ್ಲೌಸ್. ಇಪ್ಪತ್ತೆರಡು ವರ್ಷ ತಮ್ಮ ಒಲೆಯಲ್ಲಿ ಮೀನಿಗೆ ಹೊಗೆ ಹಾಕಿ ಒಣಗಿಸಿದವರು ಈಗ ಬೇರೆಯವರ ಒಲೆಗೆ ಮೀನು ತೊಳೆದುಕೊಡುವ ಕೂಲಿ.

"ಆಂಟಿ ಅರಬಾ, ನೀವ್ಯಾಕೆ ಬಂದ್ರಿ? ಮನೇಲಿ ಮಲಗ್ಬಾರ್ದಾ?" ಕೊಳ್ಳಲು ಬಂದವಳೊಬ್ಬಳ ದನಿ ಬೆಣ್ಣೆಯಂತಿದೆ.

"ಮಲಗಿದ್ರೆ ನೀನು ಬಂದು ಗಂಜಿ ಕುಡಿಸ್ತೀಯಾ? ಮೀನು ಬೇಕಾದ್ರೆ ಹೇಳು, ಬೇಡ್ದಿದ್ರೆ ದಾರಿ ಬಿಡು."

ಅವಳು ಹೋದ ಮೇಲೆ ಅರಬಾ ಗೊಣಗುತ್ತಾರೆ: "ಮೊದ್ಲು ಇವಳೇ ಒಂದು ಮೀನಿಗೋಸ್ಕರ ನನ್ನ ಜೊತೆ ಬೀದಿ ರಂಪ ಮಾಡ್ತಿದ್ಲು. ಈಗ ಚೌಕಾಸಿನೂ ಮಾಡಲ್ಲ. ಹೆಣದ ಜೊತೆ ಯಾರು ಜಗಳ ಆಡ್ತಾರೆ?"

ಈ ಸಿಟ್ಟು ಇವತ್ತಿನದಲ್ಲ. ಎದೆಯಲ್ಲಿ ಗಂಟು ಕೈಗೆ ಸಿಕ್ಕಾಗ ಹತ್ತಿರದ ಕ್ಲಿನಿಕ್ಕಿನಲ್ಲಿ ಅದನ್ನು ಹಾಲುಗಂಟು ಅಂದರು. "ನನ್ನ ಕಿರಿಮಗನಿಗೆ ಗಡ್ಡ ಬಂದಿದೆ ಡಾಕ್ಟ್ರೇ, ಇನ್ನೆಲ್ಲಿಯ ಹಾಲು ಅಂದೆ. ಕತ್ತೆತ್ತಿ ನೋಡ್ಲಿಲ್ಲ. ಮತ್ತೆ ಅದೇ ಮಾತ್ರೆ ಬರೆದ್ರು." ರಾಜಧಾನಿ ಅಕ್ರಾದ ದೊಡ್ಡ ಆಸ್ಪತ್ರೆ ಮುಟ್ಟುವ ಹೊತ್ತಿಗೆ ರೋಗ ಕಂಕುಳಿಗೆ ಇಳಿದಿತ್ತು. ಶಸ್ತ್ರಚಿಕಿತ್ಸೆ, ಕೀಮೋ, ವಿಕಿರಣ ಎಂದು ವರ್ಷವೇ ಕಳೆಯಿತು. ಈಗ ಕೂದಲು ಬಂದಿದೆ, ನಾಲಗೆಗೆ ಮೆಣಸಿನ ಖಾರವೂ ಮರಳಿದೆ. ಬೆರಳ ತುದಿಗೆ ಮಾತ್ರ ಬಿಸಿ ಸರಿಯಾಗಿ ತಿಳಿಯುವುದಿಲ್ಲ. ಕೆಂಡದ ಹತ್ತಿರ ಅವರ ಕೈ ಹೋದಾಗೆಲ್ಲ ನನಗೆ ಜೀವ ಹಾರಿಹೋಗುತ್ತದೆ.

ಊರಿಗೆ ಬಂದ ಮೇಲೆ, ರವಿಕೆಗಳ ಎಡಭಾಗ ಹಿಡಿಸಲು ಅವರು ದರ್ಜಿಯ ಬಳಿ ಹೋಗಿದ್ದರು. ದರ್ಜಿ ಎತ್ತಲೋ ನೋಡುತ್ತ, "ನಿಮ್ಮ ಬಟ್ಟೆದು ಒಂದು ಜೊತೆ ಇನ್ನೂ ಯಾರೂ ತಗೊಂಡೋಗಿಲ್ಲ" ಅಂದ. ಕಪ್ಪು–ಕೆಂಪು ಅಚ್ಚಿನ ಬಟ್ಟೆ. ಮೀನಿಗೆ ಹೊಗೆ ಹಾಕುವ ಹೆಂಗಸರ ಸಂಘದಲ್ಲಿ ಯಾರಾದರೂ ತೀರಿಕೊಂಡರೆ ಹೆಂಗಸರೆಲ್ಲ ಒಂದೇ ಅಚ್ಚಿನದನ್ನು ಉಟ್ಟು ಮಣ್ಣಿಗೆ ಹೋಗಬೇಕು. ಅರಬಾ ಆಸ್ಪತ್ರೆಯಲ್ಲಿ ವಾಂತಿ ಮಾಡಿಕೊಳ್ಳುತ್ತಿದ್ದಾಗ ಇಲ್ಲಿ ಗೆಳತಿಯರು ಅಳತೆ ಕೊಡುತ್ತಿದ್ದರು. ಕೊನೆಗಳಿಗೆಯಲ್ಲಿ ದರ್ಜಿ ಸಿಗುವುದಿಲ್ಲವಲ್ಲ.

"ಬಟ್ಟೆ ಚೆನ್ನಾಗಿತ್ತು," ಅನ್ನುತ್ತಾರೆ ಅರಬಾ. "ನಾನು ಬದುಕಿದ್ದಾಗ ಒಬ್ಳಾದ್ರೂ ನನಗೆ ಅಂಥದ್ದು ಕೊಡ್ಸಿದ್ಲಾ?"

ಬಟ್ಟೆಯನ್ನಾದರೂ ಪೆಟ್ಟಿಗೆಯಲ್ಲಿ ಮುಚ್ಚಿಟ್ಟರು, ಅರಬಾರ ಒಲೆಯನ್ನು ಮುಚ್ಚಿಡಲಾಗಲಿಲ್ಲ. ಸಂಘದ ಹಿರಿಯರಾದ ಅಬಾ ಎಸ್ಸುಮನ್ಬಾ ಅದನ್ನು ತಮ್ಮ ತಂಗಿಯ ಮಗಳು ಎಫುವಾಗೆ ಕೊಟ್ಟಾಗಿದೆ. ಅರಬಾ ಕೇಳಿದ್ದಕ್ಕೆ ಸಂಘ ಒಂದು ಷರತ್ತು ಹಾಕಿದೆ: ಒಂದು ಒಲೆ ಮೀನನ್ನು ಅವರು ಒಬ್ಬರೇ ಹೊಗೆ ಹಾಕಿ ಇಳಿಸಬೇಕು. ಆಗದಿದ್ದರೆ ಬೂತಾಯಿಯ ಸುಗ್ಗಿಗೆ ಒಲೆ ಎಫುವಾಳದೇ.

ಕೇಳಲು ನ್ಯಾಯವಾಗಿದೆ. ಆದರೆ ಮೀನು ಹರಡಿದ ಜಾಲರಿಗಳನ್ನು ಬೆಂಕಿಯ ಮೇಲೆ ಒಂದರ ಮೇಲೊಂದು ಪೇರಿಸಿ, ಕೆಳಗಿನದು ಮೇಲಕ್ಕೆ ಬರುವಂತೆ ಆಗಾಗ ಬದಲಿಸಬೇಕು. ಒಂದು ತುದಿಗೆ ಒಬ್ಬಳು, ಇನ್ನೊಂದು ತುದಿಗೆ ಇನ್ನೊಬ್ಬಳು. ಈ ದಂಡೆಯಲ್ಲಿ ಯಾವ ಗಟ್ಟಿಗಿತ್ತಿಯೂ ಅದನ್ನು ಒಂಟಿಯಾಗಿ ಎತ್ತುವುದಿಲ್ಲ. ಅರಬಾರ ಎದುರು ತುದಿಯಲ್ಲಿ ಅಷ್ಟೂ ವರ್ಷ ನಿಂತವರು ಇದೇ ಅಬಾ. ಇದನ್ನು ಪರೀಕ್ಷೆ ಅನ್ನಬಾರದು. ಇಲ್ಲ ಅನ್ನಲು ಬಾಯಿ ಬಾರದವರು ಹೂಡಿದ ಉಪಾಯ ಅನ್ನಬೇಕು.

ಮಂಗಳವಾರ ದೋಣಿ ಕಡಲಿಗಿಳಿಯುವುದಿಲ್ಲ, ದಂಡೆಗೆ ಯಾರೂ ಬರುವುದಿಲ್ಲ. ಅರಬಾ ಆ ದಿನವನ್ನೇ ಆರಿಸಿಕೊಂಡು, ಹಿಂದಿನ ದಿನದ ಮೀನು ಹರಡಿ ಕತ್ತಲಿರುವಾಗಲೇ ಬೆಂಕಿ ಹೂಡಿದ್ದಾರೆ. ಸಾಕ್ಷಿಗೆ ಬಂದ ಅಬಾ ಕೈಕಟ್ಟಿ ಕೂತಿದ್ದಾರೆ. ಮೇಲಿನ ಜಾಲರಿಗಳು ಹೇಗೋ ಇಳಿಯುತ್ತವೆ. ಎಲ್ಲಕ್ಕಿಂತ ಕೆಳಗಿನದನ್ನು ಎತ್ತುವಾಗ ಎಡತೋಳು ಮೇಲೇಳುವುದಿಲ್ಲ. ಜಾಲರಿ ವಾಲಿ ಒಂದಷ್ಟು ಮೀನು ಕೆಂಡಕ್ಕೆ ಜಾರುತ್ತದೆ.

ಅಬಾ ಎದ್ದು ಬಂದು ಆ ತುದಿ ಹಿಡಿಯುತ್ತಾರೆ.

"ಬಿಡೇ, ಮುಟ್ಬೇಡ."

"ಬಾಯ್ಮುಚ್ಚೇ. ನಿನ್ನ ಹಟಕ್ಕೆ ಮೀನು ಯಾಕೆ ಸಾಯ್ಬೇಕು?"

"ಅದು ಆಗ್ಲೇ ಸತ್ತಿದೆ. ಅದಕ್ಕೂ ಬಟ್ಟೆ ಹೊಲ್ಸಿಟ್ಟಿದೀಯಾ?"

ಅಬಾ ತುದಿ ಬಿಡುವುದಿಲ್ಲ. ಇಬ್ಬರೂ ಮುಖ ತಿರುಗಿಸಿಕೊಂಡೇ ಆ ಜಾಲರಿಯನ್ನು ಪಕ್ಕಕ್ಕಿಟ್ಟು, ಇಳಿಸಿದವನ್ನು ಒಂದೊಂದಾಗಿ ಮತ್ತೆ ಬೆಂಕಿಯ ಮೇಲೆ ಪೇರಿಸುತ್ತಾರೆ. ಎತ್ತು ಅಂತ ಒಬ್ಬರೂ ಹೇಳಬೇಕಾಗಿಲ್ಲ.

ಬಿಸಿಲು ಏರಿದಾಗ ಎಫುವಾ ಬರುತ್ತಾಳೆ. "ದೊಡ್ಡಮ್ಮ, ಆಂಟಿ ಅರಬಾ ಒಬ್ರೇ ಮಾಡಿದ್ರಾ?"

"ಮೀನು ನೋಡು. ಎಲ್ಲಾದ್ರೂ ಹಸಿ ಇದೆಯಾ?" ಅಬಾ ಕಾಲಲ್ಲಿ ಬೂದಿ ಎಳೆದು ಸುಟ್ಟ ಮೀನಿನ ಮೇಲೆ ಮುಚ್ಚುತ್ತಾರೆ. "ಒಲೆ ಅವಳದು. ನೀನು ನಾಳೆಯಿಂದ ನನ್ನ ಒಲೆಗೆ ಬಾ."

ಎಫುವಾ ಮುಖ ಊದಿಸಿಕೊಂಡು ಹೋದ ಮೇಲೆ ಅಬಾ ನನ್ನತ್ತ ತಿರುಗುತ್ತಾರೆ. "ನಿಮ್ಮ ಕಡೆಯೋರ ಪೇಪರಿಗೆ ಏನ್ ಬೇಕಾದ್ರೂ ಬರ್ಕೋ, ಅದನ್ನ ಇಲ್ಲಿ ಯಾವಳೂ ಓದಲ್ಲ. ಈ ದಂಡೆಮೇಲೆ ಬಾಯಿಬಿಟ್ರೆ ನೋಡು."

"ಬಿಟ್ರೆ ಏನಂತೆ?" ಅರಬಾ ಗುರ್ರೆನ್ನುತ್ತಾರೆ. "ಇಬ್ರು ಎತ್ತೋದನ್ನ ಒಬ್ಳೇ ಎತ್ತು ಅಂದೋರಿಗೆ ನಾಚಿಕೆ ಆಗ್ಲಿ."

"ಹಾಗಾದ್ರೆ ಹೇಳು, ಹೋಗು. ಮತ್ತೆ ಸಂಘ ಕೂರುತ್ತೆ, ಸುಗ್ಗಿ ಮುಗಿಯುತ್ತೆ."

ಅರಬಾ ಗ್ಲೌಸ್ ಕಳಚಿ, ಬಾತುಕೊಂಡ ಮಣಿಕಟ್ಟನ್ನು ಬಲಗೈಯಲ್ಲಿ ಒತ್ತಿಕೊಳ್ಳುತ್ತಾರೆ.

"ಹೇಳಲ್ಲ ಬಿಡು," ಅನ್ನುತ್ತಾರೆ. "ಯಾರಿಗೂ ಹೇಳಲ್ಲ. ಆದ್ರೆ ನಿನ್ನ ಮೇಲಿನ ಸಿಟ್ಟು ಹೋಗಿಲ್ಲ, ತಿಳ್ಕೋ."