ಅಂಗೈ ಕೆರೆದ ಬೆರಳು

ಇಂಥದ್ದನ್ನೆಲ್ಲ ನಾನು ನಂಬುತ್ತಿರಲಿಲ್ಲ. ಯಾರಾದರೂ ಹೇಳಿಕೊಂಡು ಬಂದರೆ, "ನಿದ್ದೆಗೆಟ್ಟಿದೀಯ, ಹೋಗಿ ಮಲಕ್ಕೋ" ಎಂದು ಕಳಿಸುತ್ತಿದ್ದೆ. ಈಗ ನೀವು ನನಗೆ ಹಾಗೆಂದರೂ ಜಗಳಕ್ಕೆ ಬರುವುದಿಲ್ಲ.

ಪೀಣ್ಯದಲ್ಲಿ ಹಳೆಯ ಮೆಷಿನ್ ಕೊಂಡು ಮಾರುವುದು ಅಣ್ಣನ ಮತ್ತು ನನ್ನ ಕಸುಬು. ಅಪ್ಪ ಎತ್ತಿನ ದಲ್ಲಾಳಿ. ಟವೆಲ್ಲಿನಡಿ ಕೈಹಿಡಿದು ಬೆರಳಲ್ಲೇ ದರ ಹೇಳುವ ವಿದ್ಯೆ ಅವರದು. ಅದನ್ನು ನಾವು ಲೇತ್ ವ್ಯಾಪಾರಕ್ಕೆ ತಂದೆವು. ಮಾರುವವನ ಎದುರಿಗೇ, ಟವೆಲ್ಲಿನಡಿ ಅಣ್ಣ ನನ್ನ ಅಂಗೈ ಕೆರೆದರೆ 'ಬೇಡ' ಎಂದರ್ಥ. ಎದ್ದುಬಿಡುತ್ತಿದ್ದೆವು. ಈ ಗುಟ್ಟು ನಮ್ಮಿಬ್ಬರನ್ನು ಬಿಟ್ಟರೆ ಅತ್ತಿಗೆಗೆ ಮಾತ್ರ ಗೊತ್ತಿತ್ತು.

ಬೈಕಿನಿಂದ ಬಿದ್ದ ಅಣ್ಣ ರಾಜಗೋಪಾಲನಗರದ ಮನೆಯಲ್ಲಿ ಹಾಸಿಗೆ ಹಿಡಿದ. ಕಣ್ಣು ತೆರೆಯುತ್ತಿದ್ದ, ಯಾರನ್ನೂ ನೋಡುತ್ತಿರಲಿಲ್ಲ. "ಇವರಿಗೆ ಏನೂ ತಿಳಿಯಲ್ಲ" ಎಂದಿದ್ದರು ಡಾಕ್ಟರು. ಅಷ್ಟು ಸಾಕಾಯಿತು, ನೆಂಟರೆಲ್ಲ ಅವನ ತಲೆದೆಸೆಯಲ್ಲೇ ನಿಂತು ಅವನ ತಿಥಿಯ ಮಾತಾಡಿದರು. ನಿಮಗೊಂದು ಬುದ್ಧಿಮಾತು: ತಿಳಿಯುವುದಿಲ್ಲವೆಂದು ಖಾತ್ರಿಯಾಗುವ ತನಕ, ತಿಳಿಯುತ್ತದೆ ಎಂದುಕೊಂಡೇ ಮಾತಾಡಿ. ನಷ್ಟವಿಲ್ಲ. ಆದರೆ ಈ ಬುದ್ಧಿ ಮಾತಾಡುವುದಕ್ಕೆ ಸಾಕು, ತೀರ್ಮಾನ ಮಾಡುವುದಕ್ಕೆ ಸಾಲದು.

ಒಂದು ಮಧ್ಯಾಹ್ನ, ಗಂಜಿ ಹಾಕುತ್ತಿದ್ದ ಮೂಗಿನ ಟ್ಯೂಬ್ ಕಳಚಿಬಂತು. ಡಾಕ್ಟರು ಬಂದರು. ಹೊದಿಕೆಯಡಿ ಅಣ್ಣನ ಕೈ ನನ್ನ ಕೈಯಲ್ಲಿತ್ತು.

"ಮತ್ತೆ ಹಾಕೋಣ್ವಾ, ಇಲ್ಲಾ ಹಿಂಗೇ ಬಿಟ್ಬಿಡೋಣ್ವಾ? ನೀವೇ ಹೇಳಿ ಸಾರ್" ಎಂದು ನನ್ನನ್ನು ಕೇಳಿದರು.

"ಸಾಕು ಬಿಡಪ್ಪ" ಎಂದರು ಅತ್ತಿಗೆ. "ಎಷ್ಟೂಂತ ಹಿಂಸೆ ಕೊಡ್ತೀಯ?"

ಆಗ ನನ್ನ ಅಂಗೈಯನ್ನು ಬೆರಳು ಕೆರೆಯಿತು. ಉಗುರು ತಾಗುವ ಹಾಗೆ, ಅದೇ ಕೆರೆತ.

"ಅಣ್ಣ ಬೇಡ ಅಂತಿದಾನೆ! ಟ್ಯೂಬ್ ಹಾಕಿ ಸಾರ್!" ಎಂದು ಕೂಗಿದೆ.

"ನರ ತಾನಾಗೇ ಎಳೆಯುತ್ತೆ ಸಾರ್" ಎಂದರು ಡಾಕ್ಟರು. ಆದರೂ ಹಾಕಿದರು. ಟ್ಯೂಬ್ ಇಳಿಯುವಾಗ ಅಣ್ಣನ ಕಣ್ಣಲ್ಲಿ ನೀರು ಬಂತು. ಅದೂ ತಾನಾಗೇ ಬರುತ್ತದಂತೆ. ಆಮೇಲೆ ಎಷ್ಟು ಸಲ ಕೇಳಿದರೂ ಬೆರಳು ಅಲುಗಲಿಲ್ಲ.

ಮಳೆಗಾಲದವರೆಗೆ ಅಣ್ಣ ಉಳಿದ. ಬೆನ್ನೆಲ್ಲ ಹುಣ್ಣಾಯಿತು. ಅದನ್ನು ತೊಳೆಯುತ್ತಾ ಅತ್ತಿಗೆ ಒಮ್ಮೆ ಕೇಳಿದರು: "ಅಲ್ಲಪ್ಪ, ಡಾಕ್ಟ್ರು ಕೇಳಿದ್ದು ಎರಡು ಮಾತು. ಇವರು ಬೇಡ ಅಂದಿದ್ದು ಯಾವುದಕ್ಕೆ? ಹಂಗೇ ಬಿಡೋದಕ್ಕಾ, ಟ್ಯೂಬ್‌ಗಾ?"

ಅತ್ತಿಗೆ ಬಟ್ಟೆ ಹಿಂಡಿ, "ಆ ಕಡೆ ಹಿಡ್ಕೋ, ಮಗ್ಗುಲು ಬದಲಿಸ್ಬೇಕು" ಎಂದರು.

ಕೆರೆದದ್ದು ನರವೋ, ಅಣ್ಣನೋ, ಇವತ್ತಿಗೂ ತಿಳಿದಿಲ್ಲ. ನರವೇ ಆಗಿರಲಿ ಎಂದು ಬಯಸುತ್ತೇನೆ. ಒಡಹುಟ್ಟಿದವನು ಆ ಮೈಯೊಳಗೆ ಇರಲೇ ಇಲ್ಲ ಎಂದುಕೊಂಡರೆ ಮಾತ್ರ ನನಗೆ ಊಟ ಸೇರುತ್ತದೆ.